ಇಳಿಜಾರು ಮತ್ತು ವಾಲು ಅಳೆಯುವ ಉಪಕರಣಗಳು

ನೆಲ, ಗೋಡೆ, ಕೆರೆ ಏರಿ, ರೈಲು ಹಳಿ ಅಥವಾ ಯಂತ್ರದ ಭಾಗವೊಂದು ಸಮಮಟ್ಟದಿಂದಲೋ ಲಂಬದಿಂದಲೋ ಎಷ್ಟು ಓರೆಯಾಗಿದೆ ಎಂದು ತಿಳಿಸುವ ಸಾಧನಗಳಿವು. ಗಾರೆ ಕೆಲಸದವರ ತೂಗುಗುಂಡು ಮತ್ತು ರಸಮಟ್ಟ, ಮರದ ಎತ್ತರ ಅಳೆಯುವ ಕ್ಲೈನೋಮೀಟರ್, ರಸ್ತೆ ಎಂಜಿನಿಯರರ ಆಬ್ನೆ ಲೆವೆಲ್ ಮತ್ತು ಘಾಟ್ ಟ್ರೇಸರ್, ಸರ್ವೆಯವರ ಥಿಯೋಡೊಲೈಟ್ ಹಾಗೂ ಡಂಪಿ ಲೆವೆಲ್, ವಿಮಾನದ ಕೃತಕ ದಿಗಂತ, ಮೊಬೈಲ್ ಫೋನಿನೊಳಗಿನ ಸೂಕ್ಷ್ಮ ಸಂವೇದಕ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಪಠ್ಯಪುಸ್ತಕಗಳು ಇವನ್ನು ರಚನೆಯ ಮೇಲೆ ವಿಂಗಡಿಸುತ್ತವೆ: ಲೋಲಕದವು, ಗುಳ್ಳೆಯವು, ದೂರದರ್ಶಕದವು, ವಿದ್ಯುನ್ಮಾನದವು. ಈ ವಿಂಗಡಣೆ ತಪ್ಪಲ್ಲ, ಆದರೆ ಯಾವ ಕೆಲಸಕ್ಕೆ ಯಾವುದು ಸಾಕು, ಯಾವುದು ಸಾಲದು ಎಂಬ ಮುಖ್ಯ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಇಳಿಜಾರಿನ ಅಳತೆಯ ಗುಣ ನಿರ್ಧಾರವಾಗುವುದು ಉಪಕರಣದ ಮೇಲೆ ಕೊರೆದ ಗೆರೆಗಳ ನಯದಿಂದಲ್ಲ. ಅದು ನಿರ್ಧಾರವಾಗುವುದು ಅಳತೆಯ ಪಾದದ, ಅಂದರೆ ಓರೆ ಅಳೆಯುವ ಎರಡು ತುದಿಗಳ ನಡುವಿನ ದೂರದ, ಉದ್ದದಿಂದ ಮತ್ತು ಉಪಕರಣ ನೆಚ್ಚಿಕೊಂಡ ಆಧಾರ ಎಷ್ಟು ಗಟ್ಟಿ ಎಂಬುದರಿಂದ. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಊರುಗಳ ಸುತ್ತಲಿನ ಬೆಟ್ಟ, ಕೆರೆ, ನಾಲೆ, ರೈಲುದಾರಿ ಮತ್ತು ಕಾರ್ಖಾನೆಗಳನ್ನು ಸಾಲಾಗಿ ನೋಡಿದರೆ ಈ ಮಾತಿಗೆ ಬೇಕಾದ ಆಧಾರವೆಲ್ಲ ಸಿಗುತ್ತದೆ. ಕಡಿದಾದ ಬಂಡೆಯಿಂದ ಹಿಡಿದು ಕಣ್ಣಿಗೆ ಕಾಣದ ನಾಲೆಯ ಇಳಿಜಾರಿನವರೆಗೆ ಎಲ್ಲ ಬಗೆಯ ಓರೆಯೂ ಐವತ್ತು ಕಿಲೋಮೀಟರ್ ಒಳಗೆ ಇಲ್ಲಿದೆ.

ಎರಡು ಲೆಕ್ಕ, ಒಂದೇ ಓರೆ

ಓರೆಯನ್ನು ಹೇಳುವ ರೂಢಿ ಎರಡು. ಒಂದು ಕೋನ: ಡಿಗ್ರಿ, ಅದರ 60ನೇ ಒಂದು ಭಾಗವಾದ ಮಿನಿಟು, 3,600ನೇ ಒಂದು ಭಾಗವಾದ ಸೆಕೆಂಡು. ಇನ್ನೊಂದು ಪ್ರಮಾಣ: ಇಷ್ಟು ದೂರಕ್ಕೆ ಇಷ್ಟು ಇಳಿತ. ಒಂದು ಡಿಗ್ರಿ ಎಂದರೆ ಸುಮಾರು 57ಕ್ಕೆ 1. 100ಕ್ಕೆ 1 ಎಂದರೆ 34 ಮಿನಿಟು. 10,000ಕ್ಕೆ 1 ಎಂದರೆ ಬರೀ 20.6 ಸೆಕೆಂಡು. ಬೆಟ್ಟ, ಮರ, ಬಂದೂಕು, ಸೌರ ಫಲಕಗಳ ಮಾತು ಬಂದಾಗ ಕೋನವನ್ನೂ ರಸ್ತೆ, ಹಳಿ, ಚರಂಡಿ, ನಾಲೆಯ ಮಾತು ಬಂದಾಗ ಪ್ರಮಾಣವನ್ನೂ ಜನ ಬಳಸುವುದು ಅಕಸ್ಮಾತ್ತಲ್ಲ. ದೊಡ್ಡ ಓರೆಯನ್ನು ನಿಂತಲ್ಲಿಯೇ ಗುರಿಯಿಟ್ಟು ಓದಬಹುದು. ಸಣ್ಣ ಓರೆಯನ್ನು ಹಾಗೆ ಓದಲಾಗದು. ಎರಡು ತುದಿಗಳ ಎತ್ತರದ ವ್ಯತ್ಯಾಸವನ್ನು ಅವುಗಳ ನಡುವಿನ ದೂರದಿಂದ ಭಾಗಿಸಿಯೇ ಪಡೆಯಬೇಕು. ಲೆಕ್ಕದ ರೂಢಿಯೇ ಬೇರೆಯಾಗಿರುವುದರ ಹಿಂದೆ ಅಳೆಯುವ ವಿಧಾನ ಬೇರೆಯಾಗಿರುವ ಸಂಗತಿ ಇದೆ.

ಕಣ್ಣನ್ನು ಎರಡೂ ಕಡೆ ನಂಬುವಂತಿಲ್ಲ. 1995ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೆನಿಸ್ ಪ್ರಾಫಿಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ 5 ಡಿಗ್ರಿಯ ಏರನ್ನು ಜನ 20 ಡಿಗ್ರಿಯ ಆಸುಪಾಸು ಎಂದು ಅಂದಾಜು ಮಾಡಿದ್ದರು. ಏರು ಯಾವಾಗಲೂ ಇದ್ದುದಕ್ಕಿಂತ ಕಡಿದಾಗಿ ಕಾಣುತ್ತದೆ. ತೀರ ಸಣ್ಣ ಇಳಿಜಾರು ಕಾಣುವುದೇ ಇಲ್ಲ. ತುಮಕೂರು ನಗರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದ ಬಯಲಿನಲ್ಲಿದೆ. ಅದರ ಪೂರ್ವಕ್ಕೆ ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗ. ಅಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ, ಅದೇ ಬೆಟ್ಟಸಾಲಿನ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಬೆಟ್ಟದ ನೆತ್ತಿಯಲ್ಲಿ ಈ ಜಲವಿಭಜಕ ಸ್ಪಷ್ಟ. ಬಯಲಿಗೆ ಇಳಿದ ಮೇಲೆ ಯಾವ ಹೊಲದ ನೀರು ಯಾವ ನದಿಗೆ ಎಂಬುದನ್ನು ಮಳೆ ಸುರಿದಾಗ ಹರಿವು ತೋರಿಸಬೇಕು, ಇಲ್ಲವೇ ಲೆವೆಲ್ ಹಿಡಿದು ಕಂಡುಕೊಳ್ಳಬೇಕು.

ಆಧಾರ: ಗುರುತ್ವ ಮತ್ತು ತಿರುವು ಪರೀಕ್ಷೆ

ನೆಲದ ಮೇಲೆ ನಿಂತು ಅಳೆಯುವ ಸಾಧನಗಳಿಗೆಲ್ಲ ಆಧಾರ ಒಂದೇ, ಭೂಮಿಯ ಸೆಳೆತದ ದಿಕ್ಕು. ತೂಗುಗುಂಡು ಅದನ್ನು ನೇರವಾಗಿ ತೋರುತ್ತದೆ, ನಿಂತ ನೀರು ಅದಕ್ಕೆ ಲಂಬವಾದ ಮಟ್ಟವನ್ನು ತೋರುತ್ತದೆ. 1660ರ ದಶಕದ ಆರಂಭದಲ್ಲಿ ಫ್ರಾನ್ಸಿನ ಮೆಲ್ಕಿಸೆಡೆಕ್ ತೆವೆನೊ ರೂಪಿಸಿದ ಗುಳ್ಳೆಯ ಮಟ್ಟ ಈ ಎರಡನ್ನೂ ಒಂದು ಗಾಜಿನ ನಳಿಗೆಯೊಳಗೆ ತಂದಿತು. ಆ ನಳಿಗೆ ಕಣ್ಣಿಗೆ ನೇರವೆಂದು ತೋರಿದರೂ ಅದರ ಒಳಮೈ ತುಸು ಬಾಗಿರುತ್ತದೆ, ಒಂದು ದೊಡ್ಡ ವೃತ್ತದ ಸಣ್ಣ ತುಂಡಿನಂತೆ. ಸರ್ವೆ ಲೆವೆಲ್‌ಗಳಲ್ಲಿ ಗುಳ್ಳೆ 2 ಮಿಲಿಮೀಟರ್ ಸರಿದರೆ 20 ಸೆಕೆಂಡಿನ ಓರೆ ಎಂಬ ಅಳತೆ ಸಾಮಾನ್ಯ. ಅಂದರೆ ಆ ಬಾಗಿನ ತ್ರಿಜ್ಯ 20 ಮೀಟರಿಗೂ ಹೆಚ್ಚು. ಅಂಗೈಯಗಲದ ನಳಿಗೆ ಇಷ್ಟು ಸೂಕ್ಷ್ಮವಾಗುವುದು ಇಪ್ಪತ್ತು ಮೀಟರ್ ಉದ್ದದ ಲೋಲಕವೊಂದರ ಕೆಲಸವನ್ನು ಅದು ಮಾಡುವುದರಿಂದ. ಮನೆ ಕಟ್ಟುವ ರಸಮಟ್ಟದ ನಳಿಗೆ ಇದಕ್ಕಿಂತ ಹೆಚ್ಚು ಬಾಗಿರುತ್ತದೆ. ಅದು ದೋಷವಲ್ಲ. ಸರ್ವೆಯ ಗುಳ್ಳೆಯನ್ನು ಗೋಡೆಯ ಮೇಲಿಟ್ಟರೆ ಅದು ನಿಲ್ಲುವುದೇ ಇಲ್ಲ, ಕೆಲಸವೂ ಸಾಗುವುದಿಲ್ಲ.

ಆಧಾರ ಗಟ್ಟಿಯಾಗಿದ್ದರೂ ಉಪಕರಣದ ಮೈ ವಕ್ರವಾಗಿರಬಹುದು. ಇದಕ್ಕೆ ಎಲ್ಲ ಕಾಲದಲ್ಲೂ ಇರುವ ಮದ್ದು ತಿರುಗಿಸಿ ನೋಡುವುದು. ರಸಮಟ್ಟವನ್ನು ತುದಿ ಬದಲಿಸಿ ಇಟ್ಟಾಗ ಗುಳ್ಳೆ ಬೇರೆ ಕಡೆ ನಿಂತರೆ, ಎರಡು ಓದಿನ ಸರಾಸರಿ ನಿಜವಾದ ಓರೆ, ವ್ಯತ್ಯಾಸದ ಅರ್ಧ ಉಪಕರಣದ ದೋಷ. ಥಿಯೋಡೊಲೈಟನ್ನು ಎಡಮುಖ, ಬಲಮುಖ ಮಾಡಿ ಎರಡು ಸಲ ಓದುವುದು, ಡಂಪಿ ಲೆವೆಲ್‌ಗೆ ಎರಡು ಗೂಟದ ಪರೀಕ್ಷೆ ಮಾಡುವುದು, ಬದು ಹಾಕುವ ರೈತರು ಎ ಆಕಾರದ ಚೌಕಟ್ಟಿನ ಕಾಲುಗಳನ್ನು ಅದಲುಬದಲು ಮಾಡಿ ದಾರದ ಎರಡು ಗುರುತುಗಳ ನಡುವೆ ಮಧ್ಯದ ಗೆರೆ ಹಾಕುವುದು ಒಂದೇ ತತ್ವದ ಬಳಕೆಗಳು. 2,000 ರೂಪಾಯಿಯ ಸಾಧನವಾದರೂ 2 ಲಕ್ಷ ರೂಪಾಯಿಯ ಸಾಧನವಾದರೂ ತಿರುಗಿಸಿ ನೋಡದೆ ತೆಗೆದ ಓದಿಗೆ ಅರ್ಧ ಬೆಲೆ.

ದೊಡ್ಡ ಓರೆಗಳು: ಬೆಟ್ಟ, ಏರಿ, ತೆಂಗು

ಡಿಗ್ರಿಗಳಲ್ಲಿ ಮಾತಾಡಬಹುದಾದ ಓರೆಗಳಿಗೆ ಕೈಯಲ್ಲಿ ಹಿಡಿಯುವ ಕ್ಲೈನೋಮೀಟರ್ ಸಾಕು. ಅರ್ಧವೃತ್ತದ ಕೋನಮಾಪಕಕ್ಕೆ ದಾರ ಕಟ್ಟಿ ಗುಂಡು ಇಳಿಬಿಟ್ಟರೆ ಅದೇ ಕ್ಲೈನೋಮೀಟರ್. ಶಾಲೆಯ ತ್ರಿಕೋನಮಿತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ. ಗುಬ್ಬಿ, ಕುಣಿಗಲ್ ಸೀಮೆಯ ತೆಂಗಿನ ಮರವನ್ನು ಇದರಿಂದ ಅಳೆಯುವಾಗ ಎಲ್ಲಿ ನಿಲ್ಲಬೇಕು ಎಂಬುದಕ್ಕೂ ಲೆಕ್ಕವಿದೆ. ಕೋನದಲ್ಲಿ ಆಗುವ ತಪ್ಪು ಎತ್ತರದಲ್ಲಿ ಅತಿ ಕಡಿಮೆ ಪರಿಣಾಮ ಮಾಡುವುದು ಗುರಿ 45 ಡಿಗ್ರಿಯಲ್ಲಿದ್ದಾಗ. ಆಗ ಮರದ ಬುಡದಿಂದ ನಿಂತ ದೂರಕ್ಕೆ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ. ಒಂದು ಡಿಗ್ರಿ ತಪ್ಪಿದರೂ 20 ಮೀಟರಿಗೆ ಸುಮಾರು 70 ಸೆಂಟಿಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಅದೇ ಸಾಧನ ರಾತ್ರಿ ಹೊತ್ತು ಅಕ್ಷಾಂಶವನ್ನೂ ಹೇಳುತ್ತದೆ: ತುಮಕೂರಿನಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ 13 ಡಿಗ್ರಿಗೆ ತುಸು ಮೇಲೆ ನಿಂತಿರುತ್ತದೆ, ಊರಿನ ಅಕ್ಷಾಂಶವೂ 13.3 ಡಿಗ್ರಿ. ಜಿಲ್ಲೆಯ ಉತ್ತರದ ಪಾವಗಡದ ಸೌರ ಪಾರ್ಕಿನಂಥ ಕಡೆ ಅಲುಗಾಡದ ಫಲಕಗಳ ಓರೆಯನ್ನು ತೀರ್ಮಾನಿಸುವಾಗ ಮೊದಲು ನೋಡುವುದೂ ಈ ಅಕ್ಷಾಂಶವನ್ನೇ.

ಕೆರೆ ಏರಿಗಳ ಇಳಿಜಾರು ಇದೇ ವರ್ಗದ್ದು. ಮಣ್ಣಿನ ಏರಿಯ ಮೈಯನ್ನು ಎರಡಕ್ಕೆ ಒಂದರಂತೆ ಇಳಿಸಿದರೆ ಅದು 26.6 ಡಿಗ್ರಿ, ಎರಡೂವರೆಗೆ ಒಂದರಂತೆ ಇಳಿಸಿದರೆ 21.8 ಡಿಗ್ರಿ. ಇವೆರಡರ ನಡುವೆ ಸುಮಾರು ಐದು ಡಿಗ್ರಿ ಅಂತರವಿರುವುದರಿಂದ ಒಂದು ಡಿಗ್ರಿ ನಿಖರತೆಯ ಸಾಧನ ಎರಡನ್ನೂ ಬೇರ್ಪಡಿಸಿ ಹೇಳುತ್ತದೆ. ಏರಿ ಕುಸಿಯುತ್ತಿದೆಯೇ, ಕಲ್ಲಿನ ಹೊದಿಕೆ ಜಾರಿ ಬುಡ ಉಬ್ಬಿದೆಯೇ ಎಂಬ ಮೊದಲ ತಪಾಸಣೆಗೆ ಇಷ್ಟು ಧಾರಾಳ ಸಾಕು.

ಬೆಟ್ಟದ ರಸ್ತೆಗಳಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಬಯಲಿನ ಹೆದ್ದಾರಿಗೆ ರೂಢಿಯ ಏರು 30ಕ್ಕೆ 1, ಬೆಟ್ಟದಲ್ಲಿ 20ಕ್ಕೆ 1. ಡಿಗ್ರಿಯಲ್ಲಿ ಹೇಳಿದರೆ ಇವು 1.9 ಮತ್ತು 2.9, ನಡುವಿನ ಅಂತರ ಒಂದೇ ಡಿಗ್ರಿ. ಇಂಥ ಕಡೆ ದಾರದ ಕ್ಲೈನೋಮೀಟರ್ ಸೋಲುತ್ತದೆ. ಇಂಗ್ಲೆಂಡಿನ ವಿಲಿಯಂ ಆಬ್ನೆ 19ನೇ ಶತಮಾನದ ಉತ್ತರಾರ್ಧದಲ್ಲಿ ರೂಪಿಸಿದ ಲೆವೆಲ್‌ನಲ್ಲಿ ನೋಡುವ ಕೊಳವೆಯ ಮೇಲೆ ಗುಳ್ಳೆ, ಕೊಳವೆಯೊಳಗೆ ಅರ್ಧಭಾಗಕ್ಕೆ ಕನ್ನಡಿ ಇರುತ್ತದೆ; ಗುರಿಯನ್ನೂ ಗುಳ್ಳೆಯನ್ನೂ ಒಟ್ಟಿಗೆ ನೋಡುತ್ತ ವರ್ನಿಯರಿನಲ್ಲಿ 10 ಮಿನಿಟಿನವರೆಗೆ ಓದಬಹುದು. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಬೆಟ್ಟದ ರಸ್ತೆಗಳಿಗೆ ಬಳಕೆಯಾದ ಸಿಲೋನ್ ಘಾಟ್ ಟ್ರೇಸರ್ ಕೋನವನ್ನು ಓದುವ ಗೋಜಿಗೇ ಹೋಗುವುದಿಲ್ಲ. ತೂಗುಹಾಕಿದ ಟೊಳ್ಳು ಕೊಳವೆಯ ಮೇಲೆ ಒಂದು ತೂಕ ಸರಿದಾಡುತ್ತದೆ. ತೂಕವನ್ನು 20ಕ್ಕೆ 1 ಎಂಬ ಗುರುತಿಗೆ ಸರಿಸಿದರೆ ಕೊಳವೆ ತಾನೇ ಅಷ್ಟು ವಾಲಿ ನಿಲ್ಲುತ್ತದೆ. ಎದುರಿನವನು ಅದೇ ಎತ್ತರದ ಗುರಿಹಲಗೆ ಹಿಡಿದು ಬೆಟ್ಟದ ಮೈಮೇಲೆ ಸರಿಯುತ್ತಾನೆ, ಕೊಳವೆಯ ತಂತಿಗೆ ಹಲಗೆ ಸಿಕ್ಕ ಜಾಗದಲ್ಲಿ ಗೂಟ. ದೇವರಾಯನದುರ್ಗದ ಘಾಟಿಯಂಥ ರಸ್ತೆಗೆ ಗೆರೆ ಎಳೆಯಲು, ಅಥವಾ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗಗಳ ಬುಡದಲ್ಲಿ ದಾರಿ ಗುರುತಿಸಲು ಇದು ಹೇಳಿ ಮಾಡಿಸಿದ ವಿಧಾನ. ಅಳೆದು ತಿಳಿಯುವುದಕ್ಕೂ ಬೇಕಾದ ಓರೆಯನ್ನು ನೆಲದ ಮೇಲೆ ಮೂಡಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಎಂಜಿನಿಯರಿಗೆ ಹೆಚ್ಚಾಗಿ ಬೇಕಾಗುವುದು ಎರಡನೆಯದು.

ಸಣ್ಣ ಓರೆಗಳು: ಹಳಿ ಮತ್ತು ಚರಂಡಿ

ಬೆಂಗಳೂರಿನಿಂದ ತುಮಕೂರಿನ ಮೂಲಕ ಗುಬ್ಬಿ ಕಡೆಗೆ ರೈಲುದಾರಿ ಬಂದದ್ದು 1880ರ ದಶಕದಲ್ಲಿ. ಕುಣಿಗಲ್ ಮೇಲೆ ಹಾಯುವ ಬೆಂಗಳೂರು–ಹಾಸನ ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರಲ್ಲಿ. ನಡುವೆ ನೂರಮೂವತ್ತು ವರ್ಷ ಕಳೆದರೂ ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವ ನಿಯಮ ಬದಲಾಗಿಲ್ಲ. 100ಕ್ಕೆ 1ರ ಏರು ಬಂದರೆ ಪ್ರತಿ ಟನ್ ತೂಕಕ್ಕೂ 10 ಕಿಲೋಗ್ರಾಂ ಹೆಚ್ಚುವರಿ ಎಳೆತ ಬೇಕು, ಸರಕು ರೈಲಿನ ಎಂಜಿನ್ನಿಗೆ ಇದು ಭಾರೀ ವ್ಯತ್ಯಾಸ. ನಿಲ್ದಾಣದ ಅಂಗಳದಲ್ಲಿ ಇನ್ನೂ ಬಿಗಿ: ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ನಿಯಮದಂತೆ 400ಕ್ಕೆ 1ಕ್ಕಿಂತ ಹೆಚ್ಚು ಓರೆ ಕೂಡದು, 1,200ಕ್ಕೆ 1 ಇದ್ದರೆ ಒಳ್ಳೆಯದು. ಬಿಟ್ಟ ಬೋಗಿ ತಾನಾಗಿ ಉರುಳದಿರಲಿ ಎಂಬುದು ಕಾರಣ. 1,200ಕ್ಕೆ 1 ಎಂದರೆ ಮೂರು ಮಿನಿಟಿಗೂ ಕಡಿಮೆ. ಆಬ್ನೆ ಲೆವೆಲ್‌ನ ಅತಿ ಸಣ್ಣ ಓದೇ ಅದರ ಮೂರು ಪಟ್ಟಿಗಿಂತ ದೊಡ್ಡದು.

ನಗರದ ಒಳಚರಂಡಿಯದೂ ಇದೇ ವರ್ಗ. ಕೊಳವೆಯಲ್ಲಿ ಕೊಳಚೆ ಸೆಕೆಂಡಿಗೆ 0.6 ಮೀಟರ್ ವೇಗದಲ್ಲಾದರೂ ಹರಿದರೆ ಹೂಳು ಕೂರುವುದಿಲ್ಲ. ಸಣ್ಣ ಕೊಳವೆಗಳಿಗೆ ಆ ವೇಗ ಬರಲು 100ಕ್ಕೆ 1ರಿಂದ 200ಕ್ಕೆ 1ರ ನಡುವಿನ ವಾಟ ಬೇಕು. ಒಂದು ಮೀಟರ್ ರಸಮಟ್ಟಕ್ಕೆ ಇದು 5ರಿಂದ 10 ಮಿಲಿಮೀಟರ್. ಒಂದೊಂದು ತುಂಡಿಗೆ ನೋಡಿದರೆ ಸರಿಯೇ ಅನಿಸುತ್ತದೆ. ಆದರೆ ಪ್ರತಿ ಮೀಟರಿನಲ್ಲೂ ಒಂದೇ ದಿಕ್ಕಿಗೆ ಒಂದು ಮಿಲಿಮೀಟರ್ ತಪ್ಪಿದರೆ 30 ಮೀಟರ್ ದೂರದ ಮ್ಯಾನ್‌ಹೋಲಿಗೆ ಹೋಗುವಷ್ಟರಲ್ಲಿ 30 ಮಿಲಿಮೀಟರ್ ತಪ್ಪು ಕೂಡಿರುತ್ತದೆ. ಆದ್ದರಿಂದ ಎರಡು ಮ್ಯಾನ್‌ಹೋಲಿನ ತಳಮಟ್ಟವನ್ನು ಮೊದಲು ಲೆವೆಲ್‌ನಿಂದ ನಿಗದಿ ಮಾಡಿ, ನಡುವೆ ಗೆರೆ ಹಿಡಿದು ಕೊಳವೆ ಕೂರಿಸುವುದು ಸರಿಯಾದ ಕ್ರಮ. ಪಾದವನ್ನು ಒಂದು ಮೀಟರಿನಿಂದ ಮೂವತ್ತು ಮೀಟರಿಗೆ ಹಿಗ್ಗಿಸಿದ್ದಷ್ಟೇ ಇಲ್ಲಿ ಆದ ಬದಲಾವಣೆ, ನಿಖರತೆ ಅದರಿಂದಲೇ ಬಂತು.

ಇದಕ್ಕೆ ಒಳ್ಳೆಯ ಸಾಕ್ಷಿ ಗಾರೆ ಕೆಲಸದವರ ನೀರಿನ ಟ್ಯೂಬು. ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬಿನಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ನೋಡಿಕೊಂಡರೆ ಎರಡು ಮಿಲಿಮೀಟರ್ ಒಳಗೆ ಓದುವುದು ಕಷ್ಟವಲ್ಲ. ತುದಿಗಳ ನಡುವೆ 20 ಮೀಟರ್ ಇದ್ದರೆ ಇದು 10,000ಕ್ಕೆ 1, ಅಂದರೆ ಸರ್ವೆ ಲೆವೆಲ್‌ನ ಗುಳ್ಳೆಯ ಒಂದು ಗೀಟಿಗೆ ಸಮ. ಕೆಲವು ನೂರು ರೂಪಾಯಿಯ ಟ್ಯೂಬು ಇಲ್ಲಿ ಗೆಲ್ಲುವುದು ಉದ್ದದಿಂದ. ಇದೇ ತತ್ವವನ್ನು 1910ರ ದಶಕದಲ್ಲಿ ಭೌತವಿಜ್ಞಾನಿ ಆಲ್ಬರ್ಟ್ ಮೈಕಲ್‌ಸನ್ ಮತ್ತು ಹೆನ್ರಿ ಗೇಲ್ ಅಮೆರಿಕದ ಯರ್ಕಿಸ್ ವೀಕ್ಷಣಾಲಯದ ಆವರಣದಲ್ಲಿ 500 ಅಡಿ ಉದ್ದದ ನೀರಿನ ಕೊಳವೆಗಳನ್ನು ಹೂಳಿ ಬಳಸಿದರು; ಚಂದ್ರ ಸೂರ್ಯರ ಸೆಳೆತಕ್ಕೆ ಘನ ಭೂಮಿ ಎಷ್ಟು ಬಾಗುತ್ತದೆ ಎಂಬುದನ್ನು ಆ ಕೊಳವೆಗಳಿಂದ ಅಳೆದರು.

ಕಾಣದ ಓರೆ: ಹೇಮಾವತಿ ನಾಲೆ

ಹಾಸನ ಜಿಲ್ಲೆಯ ಗೊರೂರು ಜಲಾಶಯದಿಂದ ಹೊರಡುವ ನೀರು ಬಾಗೂರು–ನವಿಲೆ ಸುರಂಗವನ್ನು ದಾಟಿ ತುಮಕೂರು ಶಾಖಾ ನಾಲೆಯಾಗಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿಯುತ್ತದೆ. ಗುಬ್ಬಿ ತಾಲ್ಲೂಕು ನಾಲೆಯ ನಡುಭಾಗದಲ್ಲಿದೆ, ತುಮಕೂರು ನಗರಕ್ಕೆ ಕುಡಿಯುವ ನೀರು ಇದರಿಂದಲೇ ಬುಗುಡನಹಳ್ಳಿ ಕೆರೆಗೆ ಬರುತ್ತದೆ, ಕುಣಿಗಲ್ ಕೊನೆಯ ಭಾಗದಲ್ಲಿದೆ. ದೊಡ್ಡ ನಾಲೆಗಳಿಗೆ 5,000ಕ್ಕೆ 1ರಿಂದ 10,000ಕ್ಕೆ 1ರ ಆಸುಪಾಸಿನ ಇಳಿಜಾರು ಸಾಮಾನ್ಯ. ಹೆಚ್ಚು ಕೊಟ್ಟರೆ ನೀರು ತಳವನ್ನು ಕೊರೆಯುತ್ತದೆ, ಎತ್ತರವೂ ಬೇಗ ಕರಗಿ ಮುಂದಿನ ಊರುಗಳ ಜಮೀನು ನಾಲೆಗಿಂತ ಮೇಲಾಗಿಬಿಡುತ್ತದೆ. ಕಡಿಮೆ ಕೊಟ್ಟರೆ ಹೂಳು ತುಂಬುತ್ತದೆ. 10,000ಕ್ಕೆ 1ರಂತೆ 200 ಕಿಲೋಮೀಟರಿಗೆ ಇಳಿತ 20 ಮೀಟರ್ ಮಾತ್ರ.

ಕೋನವನ್ನು ಓದುವ ಯಾವ ಸಾಧನದಿಂದಲೂ ಇದು ನೇರವಾಗಿ ಆಗುವ ಕೆಲಸವಲ್ಲ. ನಾಲೆಯ ತಳದ ಮೇಲೆ ಇಟ್ಟು ಓದಬಹುದಾದ ಉಪಕರಣಕ್ಕೆ ತಳದ ಒಂದು ಬೆಣಚುಕಲ್ಲೂ ಸಾವಿರ ಸೆಕೆಂಡಿನ ತಪ್ಪು. ಆದ್ದರಿಂದ 1832ರಲ್ಲಿ ವಿಲಿಯಂ ಗ್ರಾವಟ್ ರೂಪಿಸಿದ ಡಂಪಿ ಲೆವೆಲ್ ಬೇರೆ ದಾರಿ ಹಿಡಿಯುತ್ತದೆ: ಓರೆಯನ್ನು ಓದುವುದಿಲ್ಲ, ನೋಟದ ಗೆರೆಯನ್ನು ಸಮಮಟ್ಟಕ್ಕೆ ತರುತ್ತದೆ, ಹಿಂದೆ ಮತ್ತು ಮುಂದೆ ನಿಲ್ಲಿಸಿದ ಅಳತೆಗೋಲಿನ ಓದುಗಳ ವ್ಯತ್ಯಾಸವೇ ಎತ್ತರದ ವ್ಯತ್ಯಾಸ. 1950ರ ಸುಮಾರಿಗೆ ಜರ್ಮನಿಯ ಝೈಸ್ ಕಂಪನಿ ತಂದ ಆಟೋ ಲೆವೆಲ್‌ನಲ್ಲಿ ಸಣ್ಣ ತಂತಿಗಳಿಂದ ತೂಗುವ ಪಟ್ಟಕ ಈ ಸಮಮಟ್ಟವನ್ನು ತಾನೇ ಹಿಡಿಯುತ್ತದೆ. ತುಮಕೂರಿನಲ್ಲಿ 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಂಥ ಕಡೆ ಸಿವಿಲ್ ವಿದ್ಯಾರ್ಥಿ ಮೊದಲು ಕಲಿಯುವ ಅಳತೆಗಳಲ್ಲಿ ಇದೂ ಒಂದು.

ಹಾಗಾದರೆ ಲೆವೆಲ್ ಎತ್ತರ ಅಳೆಯುವ ಸಾಧನ, ಅದನ್ನು ಇಳಿಜಾರುಮಾಪಕಗಳ ಸಾಲಿಗೆ ಏಕೆ ಸೇರಿಸಬೇಕು ಎಂಬ ಆಕ್ಷೇಪ ಬರಬಹುದು. ಉತ್ತರ ಲೆಕ್ಕದಲ್ಲಿದೆ. ಸಾಧಾರಣ ಎಂಜಿನಿಯರಿಂಗ್ ಲೆವೆಲಿಂಗ್‌ನಲ್ಲಿ ಒಪ್ಪುವ ದೋಷದ ಒಂದು ರೂಢಿಯ ಮಿತಿ, ಕಿಲೋಮೀಟರಿನಲ್ಲಿ ಹೇಳಿದ ದೂರದ ವರ್ಗಮೂಲದ 12 ಪಟ್ಟು ಮಿಲಿಮೀಟರ್. ಒಂದು ಕಿಲೋಮೀಟರಿನಲ್ಲಿ ಇಳಿತ 100 ಮಿಲಿಮೀಟರ್, ದೋಷ 12. ಅಂದರೆ ಎಂಟನೇ ಒಂದು ಭಾಗ. ನೂರು ಕಿಲೋಮೀಟರಿನಲ್ಲಿ ಇಳಿತ 10 ಮೀಟರ್, ದೋಷ 12 ಸೆಂಟಿಮೀಟರ್. ನೂರನೇ ಒಂದು ಭಾಗದ ಹತ್ತಿರ. ಇಳಿತ ದೂರದಷ್ಟೇ ಬೆಳೆಯುತ್ತದೆ, ದೋಷ ಅದರ ವರ್ಗಮೂಲದಷ್ಟು ಮಾತ್ರ ಬೆಳೆಯುತ್ತದೆ. ಕೋನಕ್ಕೆ ತಿರುಗಿಸಿ ಹೇಳಿದರೆ 200 ಕಿಲೋಮೀಟರ್ ಪಾದದ ಮೇಲೆ ಸಾಧಾರಣ ಡಂಪಿ ಲೆವೆಲ್ ತಲುಪುವ ನಿಖರತೆ ಒಂದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಇಷ್ಟು ಸೂಕ್ಷ್ಮವಾಗಿ ಓದುವ ಥಿಯೋಡೊಲೈಟ್ ಹೊಲದ ಕೆಲಸಕ್ಕೆ ಸಿಗುವುದಿಲ್ಲ. ಲೆವೆಲ್, ಅಳತೆಗೋಲು, ಸರಪಳಿ ಮೂರೂ ಸೇರಿ ನೂರಾರು ಕಿಲೋಮೀಟರ್ ಉದ್ದದ ಒಂದೇ ಇಳಿಜಾರುಮಾಪಕವಾಗುತ್ತವೆ.

ಭೂಮಿಯ ಗುಂಡುತನವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನೇರವಾದ ಸಮಮಟ್ಟದ ನೋಟದಿಂದ ನೀರಿನ ಮಟ್ಟ ಒಂದು ಕಿಲೋಮೀಟರಿನಲ್ಲಿ 78 ಮಿಲಿಮೀಟರ್ ಕೆಳಕ್ಕೆ ಬಾಗುತ್ತದೆ. ಅಷ್ಟೇ ದೂರಕ್ಕೆ ನಾಲೆಗೆ ಕೊಡುವ ಇಳಿತ 100. ಭೂಮಿಯ ಬಾಗನ್ನು ಮರೆತು ದೂರದ ಗುರಿಯೊಂದಕ್ಕೆ ನೇರ ನೋಟ ಹಿಡಿದವನು ನಾಲೆಯ ಇಳಿಜಾರಿನ ಮುಕ್ಕಾಲು ಭಾಗವನ್ನು ತಪ್ಪು ಮಾಡಿರುತ್ತಾನೆ. ಹಿಂದಿನ ನೋಟ ಮತ್ತು ಮುಂದಿನ ನೋಟ ಸಮದೂರದಲ್ಲಿರಲಿ ಎಂಬ ಸರ್ವೆ ಪಾಠ ಇದನ್ನು ಸದ್ದಿಲ್ಲದೆ ನಿವಾರಿಸುತ್ತದೆ. ಉಪಕರಣದ ಗೆರೆ ತುಸು ಓರೆಯಾಗಿದ್ದರೆ ಆ ತಪ್ಪೂ ಎರಡು ಕಡೆಯಲ್ಲಿ ಸಮವಾಗಿ ಬಂದು ಕಳೆದುಹೋಗುತ್ತದೆ.

ಆಕ್ಷೇಪಗಳು

ಈ ಉಪಕರಣಗಳು ಬರುವುದಕ್ಕೆ ಶತಮಾನಗಳ ಮೊದಲೇ ಈ ಸೀಮೆಯಲ್ಲಿ ಕೆರೆಗಳಿದ್ದವು ಎಂಬುದು ಮೊದಲ ಆಕ್ಷೇಪ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆಗೆ, ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗೆ ಯಾವ ಡಂಪಿ ಲೆವೆಲ್ ಇತ್ತು? ಇರಲಿಲ್ಲ ನಿಜ, ಆದರೆ ಉಪಕರಣವೇ ಇರಲಿಲ್ಲ ಎನ್ನಲಾಗದು. ಕೆರೆಯ ನೀರೇ ಕಿಲೋಮೀಟರ್ ಉದ್ದದ ಮಟ್ಟ. ನೀರು ನಿಂತಾಗ ಏರಿಯ ಯಾವ ಭಾಗ ತಗ್ಗಾಗಿದೆ ಎಂಬುದು ದಡದ ಗೆರೆಯಲ್ಲೇ ಕಾಣುತ್ತದೆ. ಕೋಡಿಯ ಎತ್ತರವನ್ನು ಅದಕ್ಕೆ ತಕ್ಕಂತೆ ಕೂರಿಸಬಹುದು. ತೂಬಿನಿಂದ ಅಚ್ಚುಕಟ್ಟಿಗೆ ಕಾಲುವೆ ತೋಡುವಾಗ ನೀರು ಬಿಟ್ಟುಕೊಂಡೇ ಮುಂದುವರಿಯಬಹುದು. ಇದು ಉದ್ದ ಪಾದದ ತತ್ವಕ್ಕೆ ವಿರುದ್ಧವಲ್ಲ, ಅದರ ಅತ್ಯಂತ ಹಳೆಯ ಬಳಕೆ. ಮಿತಿಯೂ ಇಲ್ಲೇ ಇದೆ: ಈ ವಿಧಾನದಲ್ಲಿ ನೀರು ಮೊದಲು ಬರಬೇಕು, ಆಮೇಲೆ ಅಳತೆ. ಗೊರೂರಿನಿಂದ ಕುಣಿಗಲ್‌ವರೆಗಿನ ನಾಲೆಯನ್ನು ನೀರು ಬಿಟ್ಟು ನೋಡಿ ತೋಡಲಾಗದು, ಗೆರೆ ಮೊದಲೇ ಕಾಗದದ ಮೇಲೆ ಇರಬೇಕು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ತಾನೇ ಹರಿಯತೊಡಗುವ ಸೈಫನ್‌ಗಳು ಹಳೆಯ ಅರಿವನ್ನೂ ಹೊಸ ಲೆಕ್ಕವನ್ನೂ ಕೂಡಿಸಿದ ಉದಾಹರಣೆ.

ದೂರದಿಂದ ಕೋನ ಹಿಡಿದು ಎತ್ತರ ತೆಗೆಯಬಹುದಲ್ಲ ಎಂಬುದು ಎರಡನೆಯದು. ಶ್ರೀರಂಗಪಟ್ಟಣದ ಪತನದ ನಂತರ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ಮೂಲರೇಖೆ ಅಳೆದು, ಮುಂದೆ ಮಹಾ ತ್ರಿಕೋನಮಿತಿ ಸರ್ವೆಯಾಗಿ ಬೆಳೆದ ಕೆಲಸಕ್ಕೆ ಕೈ ಹಾಕಿದರು. ಬೆಟ್ಟದಿಂದ ಬೆಟ್ಟಕ್ಕೆ ಲಂಬದಿಕ್ಕಿನ ಕೋನ ಓದಿ ಎತ್ತರ ಲೆಕ್ಕ ಹಾಕುವುದು ಆ ಸರ್ವೆಯ ರೂಢಿ. ಆದರೆ 20 ಕಿಲೋಮೀಟರ್ ನೋಟದಲ್ಲಿ ಭೂಮಿಯ ಬಾಗು 31 ಮೀಟರ್, ಗಾಳಿಯಲ್ಲಿ ಬೆಳಕು ಬಾಗುವುದರಿಂದ ಸುಮಾರು 4 ಮೀಟರ್. ಬಾಗನ್ನು ಲೆಕ್ಕದಿಂದ ಕಳೆಯಬಹುದು, ಬೆಳಕಿನದು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಬೆಟ್ಟದ ಎತ್ತರಕ್ಕೆ ಅರ್ಧ ಮೀಟರ್ ತಪ್ಪು ಸಹ್ಯ, ನಾಲೆಗೆ ಅದು ಐದು ಕಿಲೋಮೀಟರಿನ ಇಳಿತ. ಆದ್ದರಿಂದಲೇ ಸರ್ವೆ ಆಫ್ ಇಂಡಿಯಾ 1858ರಿಂದ ಗುಳ್ಳೆಯ ಲೆವೆಲ್‌ನ ಪ್ರತ್ಯೇಕ ಜಾಲವನ್ನು ಹೆಣೆಯಿತು. 1909ರಲ್ಲಿ ಕಾರವಾರವೂ ಸೇರಿದಂತೆ ಒಂಬತ್ತು ಬಂದರುಗಳ ಸಮುದ್ರಮಟ್ಟಕ್ಕೆ ಆ ಜಾಲವನ್ನು ಕಟ್ಟಿತು.

ಮೂರನೆಯ ಆಕ್ಷೇಪ ಆಳವಾದದ್ದು: ತೂಗುಗುಂಡೇ ವಾಲಿದರೆ? ಇದು ಕಲ್ಪನೆಯಲ್ಲ. ಲ್ಯಾಂಬ್ಟನ್‌ರ ನಂತರ ಅದೇ ಸರ್ವೆಯನ್ನು ನಡೆಸಿದ ಜಾರ್ಜ್ ಎವರೆಸ್ಟರ ಕೆಲಸದಲ್ಲಿ ಕಲಿಯಾನಾ ಮತ್ತು ಕಲಿಯಾನ್‌ಪುರ ಎಂಬ ಸರ್ವೆ ಠಾಣೆಗಳ ನಡುವೆ ಖಗೋಳದ ಅಳತೆಗೂ ನೆಲದ ಅಳತೆಗೂ 5.236 ಸೆಕೆಂಡು ವ್ಯತ್ಯಾಸ ಬಂದಿತ್ತು. ಹಿಮಾಲಯದ ರಾಶಿ ಗುಂಡನ್ನು ಪಕ್ಕಕ್ಕೆ ಸೆಳೆಯುತ್ತದೆ ಎಂದು 1850ರ ದಶಕದಲ್ಲಿ ಜಾನ್ ಪ್ರಾಟ್ ಲೆಕ್ಕ ಹಾಕಿದಾಗ ಸೆಳೆತ ಅದಕ್ಕಿಂತ ಹೆಚ್ಚಿರಬೇಕಿತ್ತು ಎಂದು ಬಂತು. ಪರ್ವತಗಳ ಬೇರಿನ ಬಗ್ಗೆ ಭೂವಿಜ್ಞಾನದ ಹೊಸ ಚಿಂತನೆ ಅಲ್ಲಿಂದ ಹುಟ್ಟಿತು. ಭೂಪಟ ಮಾಡುವವನಿಗೆ ಇದು ದೋಷ. ನಾಲೆ ತೋಡುವವನಿಗೆ ದೋಷವೇ ಅಲ್ಲ, ಏಕೆಂದರೆ ಗುಂಡನ್ನು ಸೆಳೆಯುವ ಬಲವೇ ನೀರನ್ನೂ ಸೆಳೆಯುತ್ತದೆ. ಗುಳ್ಳೆ ಸಮಮಟ್ಟ ಎಂದ ಕಡೆ ನೀರೂ ನಿಲ್ಲುತ್ತದೆ.

ಉಪಗ್ರಹದ ಜಿಪಿಎಸ್ ಬಂದ ಮೇಲೆ ಲೆವೆಲ್ ಹೊರುವುದೇಕೆ ಎಂಬ ನಾಲ್ಕನೆಯ ಆಕ್ಷೇಪಕ್ಕೂ ಉತ್ತರ ಇಲ್ಲಿಂದಲೇ ಬರುತ್ತದೆ. ಉಪಗ್ರಹ ಕೊಡುವ ಎತ್ತರ ಗಣಿತದ ಒಂದು ದೀರ್ಘಗೋಳದಿಂದ ಲೆಕ್ಕ ಹಾಕಿದ್ದು. ನೀರಿಗೆ ಆ ಗೋಳ ಗೊತ್ತಿಲ್ಲ. ಭಾರತದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವದ ಸಮಮಟ್ಟ ಆ ಗೋಳಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ, ಬೆಂಗಳೂರು–ತುಮಕೂರು ಭಾಗದಲ್ಲಿ ಎಂಬತ್ತು ಮೀಟರಿಗೂ ಹೆಚ್ಚು. ಈ ತಗ್ಗು ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಉಪಗ್ರಹದ ಎತ್ತರಗಳನ್ನು ಹಾಗೆಯೇ ಕಳೆದರೆ ನೀರಿನ ಇಳಿಜಾರು ಸಿಗುವುದಿಲ್ಲ. ಒಳ್ಳೆಯ ಗುರುತ್ವ ಮಾದರಿ ಇದ್ದರೆ ತಿದ್ದಬಹುದು. ಆ ಮಾದರಿಯನ್ನು ಪರೀಕ್ಷಿಸುವುದು ಮತ್ತೆ ಲೆವೆಲಿಂಗ್‌ನ ಬೆಂಚ್ ಮಾರ್ಕುಗಳ, ಅಂದರೆ ಎತ್ತರ ಗೊತ್ತಿರುವ ಗುರುತುಗಳ, ಮೇಲೆಯೇ. ಮೊಬೈಲ್ ಫೋನಿನ ಮಟ್ಟದ ಆ್ಯಪ್‌ಗೂ ಇದೇ ಅಳತೆಗೋಲು: ಅದು ತೋರುವ 0.1 ಡಿಗ್ರಿ ಎಂದರೆ 573ಕ್ಕೆ 1. ಚಾವಣಿ, ಸೌರ ಫಲಕ, ಗಾಲಿಕುರ್ಚಿಯ ಇಳಿಜಾರಿಗೆ ಧಾರಾಳ ಸಾಕು. ರೈಲು ನಿಲ್ದಾಣದ ಅಂಗಳಕ್ಕೆ ಸಾಲದು.

ಆಧಾರ ಕೈಕೊಟ್ಟಾಗ: ಹೆಲಿಕಾಪ್ಟರ್

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆಯ ಈ ಘಟಕಕ್ಕೆ 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಮೊದಲಿಗೆ ಇಲ್ಲಿ ತಯಾರಿಸಲು ಗೊತ್ತುಮಾಡಿದ್ದು ಹಗುರ ಬಳಕೆಯ ಹೆಲಿಕಾಪ್ಟರನ್ನು. ಇಷ್ಟರವರೆಗೆ ಹೇಳಿದ ಎಲ್ಲ ಉಪಕರಣಗಳೂ ಹಾರುವ ಯಂತ್ರದೊಳಗೆ ಕೈಕೊಡುತ್ತವೆ. ಸಮತೋಲದಲ್ಲಿ ತಿರುವು ತೆಗೆದುಕೊಳ್ಳುವ ಹೆಲಿಕಾಪ್ಟರ್ 30 ಡಿಗ್ರಿ ವಾಲಿದ್ದರೂ ಒಳಗಿನ ತೂಗುಗುಂಡು ನೆಟ್ಟಗೆ ಯಂತ್ರದ ನೆಲದ ಕಡೆಗೇ ತೂಗುತ್ತದೆ, ಗುಳ್ಳೆ ನಡುವೆಯೇ ನಿಲ್ಲುತ್ತದೆ. ಗುರುತ್ವವನ್ನೂ ತಿರುವಿನ ವೇಗೋತ್ಕರ್ಷವನ್ನೂ ಬೇರ್ಪಡಿಸಿ ಕಾಣುವ ಶಕ್ತಿ ಅವಕ್ಕಿಲ್ಲ. ವಿಮಾನದ ಫಲಕದಲ್ಲಿರುವ ಬಾಗಿದ ನಳಿಗೆಯ ಗೋಲಿ ವಾಲನ್ನು ತೋರುವುದಿಲ್ಲ, ತಿರುವು ಸಮತೋಲದಲ್ಲಿದೆಯೇ ಎಂಬುದನ್ನಷ್ಟೇ ತೋರುತ್ತದೆ. ನಿಜವಾದ ವಾಲಿಗೆ ವೇಗವಾಗಿ ಸುತ್ತುವ ಗೈರೋಸ್ಕೋಪಿನ ಅಕ್ಷವನ್ನು ಆಧಾರ ಮಾಡಿಕೊಳ್ಳಬೇಕಾಯಿತು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಜಿಮ್ಮಿ ಡೂಲಿಟಲ್ ಹೊರಗೆ ನೋಡದೆ, ಬರೀ ಉಪಕರಣಗಳನ್ನು ನಂಬಿ ವಿಮಾನ ಏರಿಸಿ ಇಳಿಸಿದಾಗ ಸ್ಪೆರಿ ಕಂಪನಿಯ ಕೃತಕ ದಿಗಂತ ಅವರ ಮುಂದಿತ್ತು. ಆದರೆ ಗೈರೋಸ್ಕೋಪು ನಿಧಾನವಾಗಿ ದಾರಿ ತಪ್ಪುತ್ತದೆ. ಅದನ್ನು ಮತ್ತೆ ನೇರಕ್ಕೆ ತರಲು ದೀರ್ಘಕಾಲದ ಸರಾಸರಿಯಲ್ಲಿ ಗುರುತ್ವವೇ ಬೇಕು. ಇಂದಿನ ಸೂಕ್ಷ್ಮ ಸಂವೇದಕಗಳು ಎರಡನ್ನೂ ಬೆರೆಸುತ್ತವೆ: ಕ್ಷಣದ ಬದಲಾವಣೆಗೆ ಗೈರೋ, ನಿಲುಗಡೆಯ ದಿಕ್ಕಿಗೆ ಗುರುತ್ವ. ಹೆಲಿಕಾಪ್ಟರ್ ಹಿಂದಿನ ವಾದವನ್ನು ಮುರಿಯುವುದಿಲ್ಲ, ಅದರ ಎರಡನೆಯ ಅರ್ಧವನ್ನು ಎತ್ತಿ ತೋರುತ್ತದೆ: ಪಾದದ ಉದ್ದ ಎಷ್ಟೇ ಇರಲಿ, ಆಧಾರ ಅಲುಗಿದರೆ ಅಳತೆ ಇಲ್ಲ.

ಕಾಲವೂ ಒಂದು ಪಾದ

ಕೆಲವು ಕಡೆ ಇಂದಿನ ಓರೆ ಎಷ್ಟು ಎಂಬುದಕ್ಕಿಂತ ಅದು ಬದಲಾಗುತ್ತಿದೆಯೇ ಎಂಬುದು ಮುಖ್ಯ. ಅಣೆಕಟ್ಟಿನ ಮೈಗೆ ಕೂರಿಸಿದ ಟಿಲ್ಟ್‌ಮೀಟರ್, ಬೆಟ್ಟದ ಮೈಯಲ್ಲಿ ಕೊರೆದ ಬಾವಿಗೆ ಇಳಿಸಿ ಅಡಿ ಅಡಿಗೂ ಓರೆ ಓದುವ ಇನ್‌ಕ್ಲೈನೋಮೀಟರ್ ಇಂಥವು. 2018ರ ಕೊಡಗಿನ ಕುಸಿತಗಳು ಮತ್ತು 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದದ್ದು ಇವುಗಳ ಅಗತ್ಯವನ್ನು ಕರ್ನಾಟಕಕ್ಕೆ ಮನಗಾಣಿಸಿದವು. ತುಮಕೂರಿನ ಗಟ್ಟಿ ಗ್ರಾನೈಟ್ ಬೆಟ್ಟಗಳಿಗೆ ಆ ಭಯ ಕಡಿಮೆ. ಇಲ್ಲಿ ಕಣ್ಣಿಡಬೇಕಾದದ್ದು ಹಳೆಯ ಏರಿಗಳ ಮೇಲೆ. ಒಂದೇ ಓದು ಏರಿಯ ಆರೋಗ್ಯವನ್ನು ಹೇಳುವುದಿಲ್ಲ. ಒಂದೇ ಜಾಗದಲ್ಲಿ, ಒಂದೇ ವಿಧಾನದಲ್ಲಿ ವರ್ಷ ವರ್ಷ ತೆಗೆದ ಓದುಗಳು ಹೇಳುತ್ತವೆ.

ಅಳತೆ ಮತ್ತು ಜಗಳ

ಹೇಮಾವತಿ ನಾಲೆಯಿಂದ ಕುಣಿಗಲ್‌ಗೆ ಪ್ರತ್ಯೇಕ ಲಿಂಕ್ ಕೆನಾಲ್ ಬೇಕೇ ಬೇಡವೇ ಎಂಬ ವಿವಾದದಲ್ಲಿ 2024 ಮತ್ತು 2025ರಲ್ಲಿ ಗುಬ್ಬಿ, ತುಮಕೂರು ಭಾಗದ ರೈತರು ಬೀದಿಗಿಳಿದರು. ನಾಲೆಯ ಕೊನೆಗೆ ತಮ್ಮ ಪಾಲು ಮುಟ್ಟುತ್ತಿಲ್ಲ ಎಂಬುದು ಕುಣಿಗಲ್‌ನವರ ದೂರು. ನಿಖರ ಅಳತೆ ಇಂಥ ಜಗಳವನ್ನು ಬಗೆಹರಿಸುತ್ತದೆ ಎಂದರೆ ಅದು ಅತಿಯಾದ ಭರವಸೆ. ಯಾರಿಗೆ ಎಷ್ಟು ನೀರು ಎಂಬುದು ಹಂಚಿಕೆಯ ಪ್ರಶ್ನೆ, ಅದಕ್ಕೆ ಲೆವೆಲ್‌ನಲ್ಲಿ ಉತ್ತರವಿಲ್ಲ. ಆದರೆ ಯಾವ ತೂಬಿನ ತಳ ಯಾವ ಮಟ್ಟದಲ್ಲಿದೆ, ಲಿಂಕ್ ಕೆನಾಲಿನ ಹೊಸ ಕೊಳವೆಯ ಬಾಯಿ ಹಳೆಯ ನಾಲೆಯ ತಳಕ್ಕಿಂತ ಎಷ್ಟು ಕೆಳಗೆ, ನಾಲೆಯ ಯಾವ ಭಾಗದಲ್ಲಿ ಇಳಿಜಾರು ಹೂಳಿನಿಂದ ಕೆಟ್ಟಿದೆ ಎಂಬ ಪ್ರಶ್ನೆಗಳಿಗೆ ಇದೆ. ಇವುಗಳಿಗೆ ಎಲ್ಲರೂ ಒಪ್ಪುವ ಉತ್ತರ ಇಲ್ಲದಿದ್ದರೆ ಹಂಚಿಕೆಯ ಮಾತು ಶುರುವಾಗುವುದೇ ಇಲ್ಲ.

ಹಾಗಾಗಿ ಇಳಿಜಾರಿನ ಅಂಕಿಯೊಂದನ್ನು ದಾಖಲೆಯಲ್ಲಿ ಬರೆಯುವಾಗ ಅದರ ಜೊತೆ ಮೂರು ವಿವರ ಇರಲೇಬೇಕು: ಎಷ್ಟು ಉದ್ದದ ಪಾದದ ಮೇಲೆ ಅಳೆದದ್ದು, ಯಾವ ಬೆಂಚ್ ಮಾರ್ಕಿಗೆ ಅಥವಾ ಆಧಾರಕ್ಕೆ ಕಟ್ಟಿದ್ದು, ಉಪಕರಣವನ್ನು ತಿರುಗಿಸಿ ನೋಡಿದಾಗ ಎಷ್ಟು ದೋಷ ಕಂಡದ್ದು. ಉಪಕರಣದ ಹೆಸರು ಮತ್ತು ಬೆಲೆಗಿಂತ ಈ ಮೂರು ಹೆಚ್ಚು ಹೇಳುತ್ತವೆ. ಇವಿಲ್ಲದ ಅಂಕಿಯನ್ನು ಟೋಟಲ್ ಸ್ಟೇಷನ್‌ನಂಥ ವಿದ್ಯುನ್ಮಾನ ಸರ್ವೆ ಸಾಧನದಿಂದ ತೆಗೆದಿದ್ದರೂ ಅಂದಾಜೆಂದೇ ಎಣಿಸಬೇಕು. ಇವಿದ್ದರೆ ನೀರಿನ ಟ್ಯೂಬಿನ ಓದೂ ಪುರಾವೆಯಾಗುತ್ತದೆ.